ಬಿಳಿ ಜಿರಲೆ ಬೇರೆ ಜಾತಿಯಲ್ಲ

ಮೈಯೆಲ್ಲ ಬಿಳಿ, ಕಣ್ಣು ಮಾತ್ರ ಕಪ್ಪು. ಇಂಥ ಜಿರಲೆಯ ಫೋಟೋ ತೋರಿಸಿ 'ಇದು ಹೊಸ ಜಾತಿಯಾ?' ಎಂದು ಕೇಳುವವರು ಜಾಸ್ತಿ. ಕೀಟಗಳ ಬಗ್ಗೆಯೇ ಕೆಲಸ ಮಾಡುವ ನನಗೆ ಈ ಪ್ರಶ್ನೆ ತುಂಬ ಇಷ್ಟ. ಅದು ಆಗಷ್ಟೇ ಪೊರೆ ಕಳಚಿದ ಮಾಮೂಲಿ ಜಿರಲೆ. ಅದರ ಅಸ್ಥಿಪಂಜರ ಇನ್ನೂ ಗಟ್ಟಿಯಾಗಿಲ್ಲ, ಅಷ್ಟೇ.

ನಮ್ಮ ಮೂಳೆ ಮಾಂಸದ ಒಳಗಿದೆ. ಅದಕ್ಕೆ ಜೀವವಿದೆ. ನಮ್ಮ ಜೊತೆಗೇ ಬೆಳೆಯುತ್ತದೆ, ಮುರಿದರೆ ಕೂಡಿಕೊಳ್ಳುತ್ತದೆ. ಎರೆಹುಳುವಿಗೆ ಮೂಳೆಯೂ ಇಲ್ಲ, ಕವಚವೂ ಇಲ್ಲ. ಮೈಯೊಳಗೆ ತುಂಬಿದ ದ್ರವದ ಒತ್ತಡವೇ ಆಸರೆ. ಕೀಟ, ಜೇಡ, ಏಡಿಗಳಲ್ಲಿ ಅಸ್ಥಿಪಂಜರ ಹೊರಗಿರುತ್ತದೆ. ಸ್ನಾಯುಗಳು ಅದರ ಒಳಮೈಗೆ ಅಂಟಿಕೊಂಡಿರುತ್ತವೆ. ಕೀಟದ ಕವಚದಲ್ಲಿರುವುದು ಮುಖ್ಯವಾಗಿ ಕೈಟಿನ್ ಎಂಬ ನಾರಿನಂಥ ವಸ್ತು ಮತ್ತು ಪ್ರೋಟೀನ್. ಮೈಯ ನೀರು ಆರಿಹೋಗದಂತೆ ಮೇಲೊಂದು ತೆಳ್ಳನೆಯ ಮೇಣದ ಲೇಪ. ಏಡಿ ಇದಕ್ಕೆ ಸುಣ್ಣದ ಅಂಶವನ್ನೂ ಸೇರಿಸಿಕೊಳ್ಳುತ್ತದೆ.

ಗಟ್ಟಿಯಾದ ಕವಚ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಕಳಚಲೇಬೇಕು. ಕಂದು ಬಣ್ಣದ ದೊಡ್ಡ ಅಮೆರಿಕನ್ ಜಿರಲೆ ಬಲಿಯುವಷ್ಟರಲ್ಲಿ 6ರಿಂದ 14 ಸಲ ಪೊರೆ ಬಿಡುತ್ತದೆ. ಹಳೆಯದರ ಅಡಿಯಲ್ಲಿ ಮೆತ್ತನೆಯ ಹೊಸ ಕವಚ ಮಡಿಕೆ ಮಡಿಕೆಯಾಗಿ ಮೊದಲೇ ಸಿದ್ಧವಾಗುತ್ತದೆ. ಹಳೆಯದರ ಒಳಪದರವನ್ನು ಕೀಟ ಕರಗಿಸಿ ಹೀರಿಕೊಳ್ಳುತ್ತದೆ. ಆಮೇಲೆ ಗಾಳಿ ನುಂಗಿ ಮೈ ಉಬ್ಬಿಸುತ್ತದೆ, ಬೆನ್ನಿನ ಮೇಲೆ ಕವಚ ಸೀಳುತ್ತದೆ. ಮರದ ಕಾಂಡಕ್ಕೆ ಅಂಟಿದ ಜೀರುಂಡೆಯ ಖಾಲಿ ಪೊರೆ ಸಿಕ್ಕರೆ ಒಳಗೆ ಇಣುಕಿ ನೋಡಿ. ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ. ಅವು ಉಸಿರಾಟದ ಕೊಳವೆಗಳ ಒಳಪದರ. ಅದನ್ನೂ ಎಳೆದು ಬಿಟ್ಟು ಬರಬೇಕು! ಹೊಸ ಕವಚ ಗಟ್ಟಿಯಾಗಿ ಬಣ್ಣ ಬರಲು ಕೆಲವು ಗಂಟೆ ಬೇಕು. ಅಲ್ಲಿವರೆಗೆ ಓಡಲೂ ಕಷ್ಟ, ಕಚ್ಚಲೂ ಕಷ್ಟ.

ರೆಕ್ಕೆ ಪೂರ್ತಿ ಬಂದ ಮೇಲೆ ಬಹುತೇಕ ಕೀಟಗಳು ಪೊರೆ ಬಿಡುವುದಿಲ್ಲ, ಬೆಳೆಯುವುದೂ ಇಲ್ಲ. ಹಾಗಾಗಿ ಸಣ್ಣ ನೊಣ ದೊಡ್ಡ ನೊಣದ ಮರಿಯಲ್ಲ.

ಡೈಫ್ಲುಬೆನ್ಜುರಾನ್‌ನಂಥ ಕೀಟನಾಶಕಗಳು ಕೆಲಸ ಮಾಡುವುದು ಪೊರೆ ಬಿಡುವ ಈ ಹೊತ್ತಿನಲ್ಲೇ. ಅವು ಕೈಟಿನ್ ತಯಾರಾಗದಂತೆ ತಡೆಯುತ್ತವೆ. ಸಿಂಪಡಿಸಿದ ದಿನ ಹುಳು ಓಡಾಡಿಕೊಂಡೇ ಇರುತ್ತದೆ. ಮುಂದಿನ ಸಲ ಪೊರೆ ಬಿಡುವಾಗ ಸಾಯುತ್ತದೆ. 'ಔಷಧಿ ಕೆಲಸ ಮಾಡ್ಲಿಲ್ಲ' ಎಂದು ಮರುದಿನವೇ ಸುಮ್ನೆ ಇನ್ನೊಂದು ಸಲ ಹೊಡೆಯಬೇಡಿ, ದಯವಿಟ್ಟು. ಸೀಗಡಿ, ಏಡಿ, ನೀರಿನಲ್ಲಿರುವ ಎಷ್ಟೋ ಸಣ್ಣ ಜೀವಿಗಳ ಕವಚದಲ್ಲೂ ಇದೇ ಕೈಟಿನ್ ಇದೆ. ಕೆರೆಗೋ ಹೊಳೆಗೋ ಹರಿದು ಸೇರಿದ ಔಷಧಿ ಅವುಗಳನ್ನೂ ಪೊರೆ ಬಿಡುವಾಗಲೇ ಕೊಲ್ಲುತ್ತದೆ.