ವಿ300 ಸಾಕೇ, ಪೂರ್ತಿ ಮಾಸ್ಟರ್ಸ್ ಬೇಕೇ?

ಓದುಗರ ಪ್ರಶ್ನೆ: ಅಕ್ಕಾ, ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ಇಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯೊಂದರ ಶ್ವಾಸಕೋಶದ ವಾರ್ಡಿನಲ್ಲಿ ಬ್ಯಾಂಡ್ 6, ಅಂದರೆ ಹಿರಿಯ ದರ್ಜೆಯ ನರ್ಸ್. ನಾನೂ ಔಷಧ ಬರೆಯುವಂತಾಗಬೇಕು ಅಂತ ಆಸೆ. ಕೆಲವರು ‘ಅದಕ್ಕೆ ವಿ300 ಕೋರ್ಸ್ ಒಂದಿದ್ದರೆ ಸಾಕು’ ಅನ್ನುತ್ತಾರೆ. ಇನ್ನು ಕೆಲವರು ‘ಮಾಸ್ಟರ್ಸ್ ಮಾಡದಿದ್ದರೆ ಯಾರೂ ಕೇಳುವುದಿಲ್ಲ’ ಅನ್ನುತ್ತಾರೆ. ಯಾವುದಕ್ಕೆ ಸೇರಲಿ? ನಾಳೆ ಊರಿಗೆ ಮರಳಿದರೆ ಇದಕ್ಕೆ ಬೆಲೆ ಇದೆಯೇ?

ಉತ್ತರ: ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ. ವಿ300 ಮತ್ತು ಮಾಸ್ಟರ್ಸ್ ಒಂದೇ ಏಣಿಯ ಎರಡು ಮೆಟ್ಟಿಲು ಅಂದುಕೊಂಡಾಗಲೇ ಗೊಂದಲ ಶುರುವಾಗುವುದು. ಔಷಧ ಬರೆಯಲು ಕಾನೂನು ಕೊಡುವ ಅನುಮತಿ ವಿ300. ರೋಗಿಗೆ ಏನಾಗಿದೆ ಎಂದು ಮೊದಲಿನಿಂದ ನೋಡಿ, ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಹುದ್ದೆಗೆ ನಿಮ್ಮನ್ನು ತಯಾರು ಮಾಡುವುದು ಮಾಸ್ಟರ್ಸ್.

ಬ್ರಿಟನ್ನಿನ ನರ್ಸುಗಳಿಗೂ ಈ ಅನುಮತಿ ಸುಲಭಕ್ಕೆ ಸಿಗಲಿಲ್ಲ. 1986ರಲ್ಲಿ ಜೂಲಿಯಾ ಕಂಬರ್ಲೆಜ್ ನೇತೃತ್ವದ ಸಮಿತಿ ಸಮುದಾಯ ನರ್ಸಿಂಗ್ ಬಗ್ಗೆ ವರದಿ ಕೊಟ್ಟಿತು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸುಗಳು ಆ ಪಟ್ಟಿಯ ಚೀಟಿಗೆ ಜಿಪಿಯ (ಕುಟುಂಬ ವೈದ್ಯರ) ಸಹಿ ಬೇಕೆಂದು ಕಾಯುತ್ತಿದ್ದ ಕಾಲ ಅದು. ಯಾವ ಡ್ರೆಸ್ಸಿಂಗ್ ಬೇಕೆಂದು ತೀರ್ಮಾನಿಸುವುದು ನರ್ಸ್, ಸಹಿ ಮಾತ್ರ ವೈದ್ಯರದು. 1992ರಲ್ಲಿ ಕಾಯ್ದೆ ಬಂತು, 1994ರಲ್ಲಿ ಕೆಲವೇ ಕಡೆ ಪ್ರಯೋಗ ನಡೆಯಿತು, ಅದೂ ಸಣ್ಣದೊಂದು ಔಷಧ ಪಟ್ಟಿಗೆ ಮಾತ್ರ. ಅಲ್ಲಿನ ಔಷಧ ಕೈಪಿಡಿಯಾದ ಬ್ರಿಟಿಷ್ ನ್ಯಾಷನಲ್ ಫಾರ್ಮುಲರಿಯಲ್ಲಿರುವ ಬಹುತೇಕ ಎಲ್ಲ ಔಷಧಗಳನ್ನು ಅರ್ಹ ನರ್ಸುಗಳು ಸ್ವತಂತ್ರವಾಗಿ ಬರೆಯುವಂತಾದದ್ದು 2006ರಲ್ಲಿ. ಮಾರ್ಫಿನ್‌ನಂಥ ನಿಯಂತ್ರಿತ ಔಷಧಗಳಿಗೆ ದಾರಿ ಅಗಲವಾದದ್ದು 2012ರಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂದಿನವರು ಪಟ್ಟುಹಿಡಿದು ಕೂತಿದ್ದರಿಂದ ಇಂದು ನಿಮಗೆ ಈ ಪ್ರಶ್ನೆ ಕೇಳಲು ಸಾಧ್ಯವಾಗಿದೆ.

ಈಗ ವಿ300ಗೆ ಬರೋಣ. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ಎನ್‌ಎಂಸಿಯಲ್ಲಿ (ನಮ್ಮ ದಿಲ್ಲಿಯ ವೈದ್ಯಕೀಯ ಆಯೋಗಕ್ಕೂ ಅದೇ ಕಿರುಹೆಸರು, ಬೆರೆಸಬೇಡಿ) ನೋಂದಣಿಯಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು. ಮೊದಲು ಮೂರು ವರ್ಷ ಇತ್ತು, 2018ರ ಹೊಸ ಮಾನದಂಡದಲ್ಲಿ ಒಂದಕ್ಕೆ ಇಳಿಸಿದರು. ಕೋರ್ಸ್ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು. ತರಗತಿಯ ಜೊತೆಗೆ ಅನುಭವಿ ಔಷಧ ಬರಹಗಾರರೊಬ್ಬರ ಕೈಕೆಳಗೆ ಕೆಲಸ ಕಲಿಯಬೇಕು. ಅವರನ್ನು ಡಿಪಿಪಿ (ಡೆಸಿಗ್ನೇಟೆಡ್ ಪ್ರಿಸ್ಕ್ರೈಬಿಂಗ್ ಪ್ರಾಕ್ಟಿಷನರ್) ಅನ್ನುತ್ತಾರೆ. ಮೊದಲು ಆ ಜಾಗದಲ್ಲಿ ವೈದ್ಯರೇ ಇರಬೇಕಿತ್ತು. ಈಗ ಅನುಭವವಿರುವ ನರ್ಸ್ ಅಥವಾ ಫಾರ್ಮಸಿಸ್ಟ್ ಕೂಡ ಇರಬಹುದು. ಪರೀಕ್ಷೆಯಲ್ಲಿ ಔಷಧಶಾಸ್ತ್ರಕ್ಕೆ ಕನಿಷ್ಠ 80 ಅಂಕ, ಡೋಸ್ ಲೆಕ್ಕಕ್ಕೆ ನೂರಕ್ಕೆ ನೂರು ಬೇಕು. ಈ ನೂರಕ್ಕೆ ನೂರು ಅನ್ನುವುದನ್ನು ನೋಡಿ ಗಾಬರಿಯಾಗುವವರಿದ್ದಾರೆ, ಆದರೆ ದಶಮಾಂಶ ಬಿಂದು ಒಂದು ಮನೆ ಜರುಗಿದರೆ ಏನಾಗುತ್ತದೆ ಎಂದು ವಾರ್ಡಿನಲ್ಲಿ ನಿಂತ ನಿಮಗೆ ನಾನು ಹೇಳಬೇಕಿಲ್ಲ. ಪಾಸಾದ ದಿನವೇ ಪೆನ್ನು ಹಿಡಿಯುವಂತಿಲ್ಲ. ಎನ್‌ಎಂಸಿ ನೋಂದಣಿಯಲ್ಲಿ ನಿಮ್ಮ ಹೆಸರಿನ ಮುಂದೆ ಆ ಅರ್ಹತೆ ಸೇರಬೇಕು, ಕೆಲಸ ಕೊಟ್ಟವರೂ ಒಪ್ಪಬೇಕು.

ಕಾನೂನು ‘ಬಹುತೇಕ ಎಲ್ಲ ಔಷಧ’ ಅಂದರೂ ನೀವು ಬರೆಯಬೇಕಾದದ್ದು ನಿಮಗೆ ಗೊತ್ತಿರುವುದನ್ನು ಮಾತ್ರ. ನಿಮ್ಮದೇ ವಾರ್ಡಿನ ಉದಾಹರಣೆ ತೆಗೆದುಕೊಳ್ಳಿ. ಸಿಒಪಿಡಿ, ಅಂದರೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವ ಅಜ್ಜ ಉಸಿರಾಟ ಸಲೀಸಾಗಲು ಥಿಯೋಫಿಲಿನ್ ಮಾತ್ರೆ ನುಂಗುತ್ತಿದ್ದಾರೆ. ಕಫ ಹಳದಿಯಾಗಿದೆ, ಸೋಂಕಿರಬಹುದು. ಕ್ಲಾರಿಥ್ರೊಮೈಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಬರೆದರೆ ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ಏರುತ್ತದೆ. ವಾಂತಿ, ಎದೆಬಡಿತ, ಕೆಲವೊಮ್ಮೆ ಫಿಟ್ಸ್. ಇದು ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಅದೇ ಅಜ್ಜ ನಿಮ್ಮ ಮಾತು ಕೇಳಿ ಸಿಗರೇಟು ಬಿಟ್ಟರೂ ಥಿಯೋಫಿಲಿನ್ ಏರುತ್ತದೆ. ಹೊಗೆಯಲ್ಲಿರುವ ಅಂಶಗಳಿಂದ ಯಕೃತ್ತು ಆ ಔಷಧವನ್ನು ಬೇಗ ಬೇಗ ಕರಗಿಸುತ್ತಿತ್ತು, ಈಗ ನಿಧಾನವಾಗಿದೆ. ಡೋಸ್ ಇಳಿಸಬೇಕಾಗಬಹುದು. ಇದಕ್ಕೆ ಸಕ್ಕರೆ ಏರಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಸೇರಿದರೆ, ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಗ್ಲೂಕೋಸ್ ಯಾರು ನೋಡುತ್ತಾರೆ? ಸಹಿ ನಿಮ್ಮದಾದ ಮೇಲೆ ಈ ಪ್ರಶ್ನೆಯೂ ನಿಮ್ಮದೇ. ವಿ300 ಕಲಿಸುವುದು ಹೀಗೆ ಸುತ್ತಮುತ್ತ ನೋಡುವುದನ್ನು. ಔಷಧದ ಹೆಸರುಗಳನ್ನು ಗಟ್ಟು ಹೊಡೆಯುವುದೇ ಕೋರ್ಸ್ ಅಂದುಕೊಂಡು ಹೋದವರು ಮೊದಲ ತಿಂಗಳೇ ಒದ್ದಾಡುತ್ತಾರೆ.

ಹಾಗಾದರೆ ಮಾಸ್ಟರ್ಸ್‌ನಲ್ಲಿ ಏನಿದೆ? ಅದೇ ಅಜ್ಜನಿಗೆ ಸಿಒಪಿಡಿ ಎಂದು ಮೊದಲೇ ಗೊತ್ತಿತ್ತು. ಬಾಗಿಲಲ್ಲಿ ಹೊಸಬರೊಬ್ಬರು ಏದುಸಿರು ಬಿಡುತ್ತಾ ನಿಂತಿದ್ದಾರೆ ಅಂದುಕೊಳ್ಳಿ. ಹೃದಯ ಸೋತಿದೆಯೇ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ರಕ್ತ ಕಡಿಮೆಯಾಗಿದೆಯೇ, ಬರೀ ಆತಂಕವೇ? ಎದೆಗೆ ಸ್ಟೆತಸ್ಕೋಪಿಟ್ಟು, ಯಾವ ಪರೀಕ್ಷೆ ಬೇಕೆಂದು ಆರಿಸಿ, ಫಲಿತಾಂಶ ಓದಿ, ಮನೆಗೆ ಕಳಿಸಬಹುದೋ ಇಲ್ಲವೋ ಎಂದು ಹೇಳುವವರು ಅಡ್ವಾನ್ಸ್ಡ್ ಪ್ರಾಕ್ಟಿಷನರ್. ಇಂಗ್ಲೆಂಡಿನಲ್ಲಿ 2017ರ ಚೌಕಟ್ಟು ಈ ಹುದ್ದೆಗೆ ನಾಲ್ಕು ಕಂಬ ಹಾಕಿದೆ: ಚಿಕಿತ್ಸೆ, ನಾಯಕತ್ವ, ಬೋಧನೆ, ಸಂಶೋಧನೆ. ಮಾಸ್ಟರ್ಸ್ ಮಟ್ಟದ ಕಲಿಕೆ ಬೇಕೆಂದೂ ಹೇಳಿದೆ. ಪೂರ್ತಿ ಪದವಿಗೆ 180 ಕ್ರೆಡಿಟ್, ಕೆಲಸ ಮಾಡುತ್ತಾ ಓದಿದರೆ ಹೆಚ್ಚಾಗಿ ಮೂರು ವರ್ಷ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿ300 ಆ ಪದವಿಯೊಳಗಿನ ಒಂದು ಭಾಗವಾಗಿಯೇ ಬರುತ್ತದೆ.

ನಿಮಗೆ ನನ್ನ ಸಲಹೆ: ಮೊದಲು ವಿ300, ಆದರೆ ಲೆವೆಲ್ 7ರಲ್ಲಿ, ಅಂದರೆ ಮಾಸ್ಟರ್ಸ್ ಮಟ್ಟದಲ್ಲಿ ಮಾಡಿ. ಲೆವೆಲ್ 6ರಲ್ಲೂ, ಅಂದರೆ ಪದವಿ ಮಟ್ಟದಲ್ಲೂ ಸಿಗುತ್ತದೆ, ಔಷಧ ಬರೆಯುವ ಹಕ್ಕು ಎರಡಕ್ಕೂ ಒಂದೇ. ಆದರೆ ಲೆವೆಲ್ 7ರ ಕ್ರೆಡಿಟ್‌ಗಳನ್ನು ಮುಂದೆ ಮಾಸ್ಟರ್ಸ್‌ಗೆ ಸೇರಿಸಿಕೊಳ್ಳಬಹುದು. ಎಷ್ಟು ವರ್ಷದೊಳಗೆ ಸೇರಿಸಬೇಕು ಎಂದು ಆ ವಿಶ್ವವಿದ್ಯಾಲಯವನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಅರ್ಜಿ ಹಾಕುವ ಮೊದಲು ನಿಮ್ಮ ಮ್ಯಾನೇಜರ್ ಹತ್ತಿರ ಕೂತು ಮಾತಾಡಲೇಬೇಕು. ‘ಪಾಸಾದ ಮೇಲೆ ನಾನು ಯಾವ ಕ್ಲಿನಿಕ್ಕಿನಲ್ಲಿ, ಯಾವ ರೋಗಿಗಳಿಗೆ ಬರೆಯುತ್ತೇನೆ?’ ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಸ್ವಲ್ಪ ಕಾಯಿರಿ. ಕಷ್ಟಪಟ್ಟು ಓದಿ, ನೋಂದಣಿಯಲ್ಲಿ ಹೆಸರು ಸೇರಿಸಿ, ಹಳೇ ಶಿಫ್ಟಿಗೇ ಮರಳಿ ವರ್ಷಗಟ್ಟಲೆ ಒಂದು ಚೀಟಿಯನ್ನೂ ಬರೆಯದೆ ಉಳಿದ ನರ್ಸುಗಳ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಬಳಸದ ಕೈಚಳಕ ಜಂಗು ಹಿಡಿಯುತ್ತದೆ, ಅಂಥವರು ಆಮೇಲೆ ಬರೆಯಲು ಹೆದರುತ್ತಾರೆ, ಹೆದರುವುದು ಸರಿಯೂ ಹೌದು. ಡಿಪಿಪಿ ಯಾರು ಎಂಬುದನ್ನೂ ಆ ಮಾತುಕತೆಯಲ್ಲೇ ಖಚಿತ ಮಾಡಿಕೊಳ್ಳಿ. ಒಪ್ಪಿಕೊಂಡು ಆಮೇಲೆ ಸಮಯ ಕೊಡದವರಿಂದ ಕೋರ್ಸ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ವಾರಕ್ಕೆ ಇಷ್ಟು ಗಂಟೆ, ಇಂಥ ದಿನ ಎಂದು ಬರೆಹದಲ್ಲಿ ಪಡೆಯಿರಿ. ನಮ್ಮ ಕಡೆಯವರಿಗೆ ಹೀಗೆ ಕೇಳಲು ಸಂಕೋಚ. ಇಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ದುಡ್ಡಿನ ವಿಷಯ. ನಿಮ್ಮ ಆಸ್ಪತ್ರೆ ನಡೆಸುವ ಟ್ರಸ್ಟ್ ಕಳಿಸಿದರೆ ಸಾಮಾನ್ಯವಾಗಿ ಶುಲ್ಕ ಅವರದೇ. ನೀವೇ ಕಟ್ಟುವುದಾದರೆ, ವೀಸಾದ ಮೇಲಿರುವವರನ್ನು ವಿಶ್ವವಿದ್ಯಾಲಯ ‘ಓವರ್‌ಸೀಸ್’ ವರ್ಗಕ್ಕೆ ಹಾಕಿ ಶುಲ್ಕ ಏರಿಸಬಹುದು, ಸೇರುವ ಮೊದಲೇ ಕೇಳಿ. ಹೊಸ ಟ್ರಸ್ಟಿಗೆ ಹಾರಿ ಓದುವ ಯೋಚನೆ ಇದ್ದರೆ ವೀಸಾ ಪ್ರಾಯೋಜಕರೂ ಬದಲಾಗುತ್ತಾರೆ ಎಂಬುದು ನೆನಪಿರಲಿ.

ಇನ್ನು ಊರಿನ ಪ್ರಶ್ನೆ. ವಿ300 ಹಕ್ಕು ವಿಮಾನ ಹತ್ತುವುದಿಲ್ಲ. ಅದು ಎನ್‌ಎಂಸಿ ನೋಂದಣಿಗೆ ಅಂಟಿಕೊಂಡದ್ದು. ಭಾರತದಲ್ಲಿ ಚೀಟಿ ಬರೆಯುವುದು ಮುಖ್ಯವಾಗಿ ನೋಂದಾಯಿತ ವೈದ್ಯರ ಅಧಿಕಾರ. ಹಾಗೆಂದು ಅಲ್ಲಿ ಏನೂ ಕದಲಿಲ್ಲ ಎಂದಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕೋರ್ಸ್ ತಂದಿದೆ, ಅದರಲ್ಲಿ ಬಹುಪಾಲು ಸಮಯ ರೋಗಿಯ ಹಾಸಿಗೆಯ ಪಕ್ಕದಲ್ಲೇ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ‘ಕಮ್ಯುನಿಟಿ ಹೆಲ್ತ್ ಪ್ರೊವೈಡರ್’ಗಳಿಗೆ ಪ್ರಾಥಮಿಕ ಆರೋಗ್ಯದ ಮಟ್ಟದಲ್ಲಿ ಗೊತ್ತುಪಡಿಸಿದ ಔಷಧ ಬರೆಯಲು ಸೀಮಿತ ಪರವಾನಗಿಗೆ ಜಾಗ ಬಿಟ್ಟಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ಹೊಸ ಕಾಯ್ದೆಯೂ ಬಂದಿದೆ. ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಸಿಎಚ್‌ಒಗಳಾಗಿ (ಸಮುದಾಯ ಆರೋಗ್ಯ ಅಧಿಕಾರಿಗಳಾಗಿ) ಬಿಎಸ್ಸಿ ನರ್ಸುಗಳು ಈಗಾಗಲೇ ಬಿಪಿ, ಸಕ್ಕರೆ ರೋಗಿಗಳನ್ನು ನೋಡುತ್ತಿದ್ದಾರೆ. ಬ್ರಿಟನ್ನಿನಂಥ ಸ್ವತಂತ್ರ ಹಕ್ಕು ನಮ್ಮ ನರ್ಸುಗಳಿಗೂ ಸಿಗಬೇಕು ಎಂದು ನಾನು ನಂಬುತ್ತೇನೆ, ಆದರೆ ಇವತ್ತು ಆ ಭರವಸೆಯ ಮೇಲೆ ನೀವು ಕೋರ್ಸ್ ಆರಿಸಿಕೊಳ್ಳಬೇಡಿ.

ಊರಿಗೆ ನಿಮ್ಮ ಜೊತೆ ಬರುವುದು ಮಾಸ್ಟರ್ಸ್ ಪದವಿ ಮತ್ತು ರೋಗಿಯನ್ನು ಪರೀಕ್ಷಿಸುವ ನಿಮ್ಮ ಕಣ್ಣು, ಕಿವಿ, ಕೈ. ಹಾಗಾಗಿ ಮರಳುವ ಯೋಚನೆ ಗಟ್ಟಿಯಾಗಿದ್ದರೆ ವಿ300ಗೇ ನಿಲ್ಲದೆ ಪದವಿ ಪೂರ್ತಿ ಮಾಡಿ. ಪಠ್ಯಕ್ರಮದ ಪ್ರತಿ, ಅಂಕಪಟ್ಟಿ, ಡಿಪಿಪಿ ಸಹಿ ಮಾಡಿದ ಪೋರ್ಟ್‌ಫೋಲಿಯೊ, ಕ್ಲಿನಿಕಲ್ ಗಂಟೆಗಳ ಲೆಕ್ಕ, ಇವನ್ನೆಲ್ಲ ಇಲ್ಲಿರುವಾಗಲೇ ಮೂಲ ಪ್ರತಿ ಸಹಿತ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಹಾಸನದಲ್ಲಿ ಕೂತು ಇಂಗ್ಲೆಂಡಿನ ಕಚೇರಿಗೆ ಮಿಂಚಂಚೆ ಬರೆದು ಅವನ್ನು ತರಿಸಿಕೊಳ್ಳುವುದು ಬಹಳ ಕಷ್ಟ.