ಅದೇ ವೈ, ಬೇರೆ ತಳಿ: ಇಲಿ ಭ್ರೂಣದ ಲಿಂಗ ನಿರ್ಧಾರದ ಹಿನ್ನೆಲೆ

ವೈ ಇಲ್ಲದೆ ಒಂದೇ ಎಕ್ಸ್ ಇರುವ ಇಲಿ ಹೆಣ್ಣಾಗಿ ಬೆಳೆಯುತ್ತದೆಂದು 1959ರಲ್ಲಿ ಗೊತ್ತಾಯಿತು. ಗಂಡುತನ ತರುವುದು ವೈ ಕ್ರೋಮೋಸೋಮ್ ಎಂಬ ಮಾತು ಅಲ್ಲಿಗೆ ಗಟ್ಟಿಯಾಯಿತು. ಅದಕ್ಕೆ ತೊಡಕು ಎದುರಾದದ್ದು 1982ರಲ್ಲಿ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಇವಾ ಐಕರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಪೋಸ್ಕಿಯಾವೋ ಕಣಿವೆಯ ಇಲಿಯ ವೈ ಅನ್ನು, ಪೀಳಿಗೆಯಿಂದ ಪೀಳಿಗೆಗೆ ಆ ತಳಿಯ ಹೆಣ್ಣುಗಳೊಡನೆ ಕೂಡಿಸುತ್ತಾ, ಸಿ57ಬಿಎಲ್/6ಜೆ (ಬಿ6) ಎಂಬ ಪ್ರಯೋಗಾಲಯದ ಇಲಿ ತಳಿಗೆ ತಂದರು. ಎಕ್ಸ್‌ವೈ ಭ್ರೂಣಗಳಲ್ಲಿ ಅಂಡಾಶಯ ಮೂಡಿತು, ಇಲ್ಲವೇ ವೃಷಣ-ಅಂಡಾಶಯ ಬೆರೆತ ಗ್ರಂಥಿ. ಡಿಬಿಎ/2ಜೆ ತಳಿಯಲ್ಲಿ ಮಾತ್ರ ಅದೇ ವೈ ಸರಿಯಾದ ವೃಷಣವನ್ನೇ ಕಟ್ಟುತ್ತದೆ.

1990ರಲ್ಲಿ ವೈ ಮೇಲಿನ ಎಸ್‌ಆರ್‌ವೈ ಜೀನ್ ಸಿಕ್ಕಿತು. ಮರುವರ್ಷ ಅದನ್ನು ಹೊತ್ತ ಸುಮಾರು 14 ಸಾವಿರ ಬೇಸ್‌ಗಳ ಡಿಎನ್‌ಎ ತುಣುಕೊಂದು ಎಕ್ಸ್‌ಎಕ್ಸ್ ಇಲಿಯಲ್ಲಿ ವೃಷಣ ಬೆಳೆಸಿತು. ಸ್ವಿಚ್ ಯಾವುದೆಂದು ತಿಳಿಯಿತು. ಬಿ6ನಲ್ಲಿ ಅದು ಏಕೆ ಸೋಲುತ್ತದೆ ಎಂಬುದು ಉಳಿಯಿತು.

ಉತ್ತರ ಇರುವುದು ಗಡಿಯಾರದಲ್ಲಿ. ಎಸ್‌ಆರ್‌ವೈ ಗರ್ಭದ ಸುಮಾರು 10.5ನೇ ದಿನ ಚುರುಕಾಗಿ, 11.5ರ ಹೊತ್ತಿಗೆ ಉತ್ತುಂಗ ತಲುಪಿ, 12.5ಕ್ಕೆ ಆರುತ್ತದೆ. ಗ್ರಂಥಿಯ ನಡುವೆ ಶುರುವಾಗಿ ತುದಿಗಳತ್ತ ಹರಡುತ್ತದೆ. ಇಷ್ಟರಲ್ಲಿ ಅದು ವೃಷಣ ಕಟ್ಟಿಸುವ ಸಾಕ್ಸ್9 ಜೀನನ್ನು ಎಬ್ಬಿಸಬೇಕು. ಅದಕ್ಕಿರುವ ಅವಕಾಶ ಹೆಚ್ಚುಕಡಿಮೆ 6 ಗಂಟೆ. ಬಿ6ನಲ್ಲಿ ಪೋಸ್ಕಿಯಾವೋ ಬಗೆಯ ವೈ ತಡವಾಗಿ ಏಳುತ್ತದೆ. ನಡುಭಾಗಕ್ಕೆ ಸಂಕೇತ ಸಿಕ್ಕರೂ ತುದಿಗಳು ಅಂಡಾಶಯದ ದಾರಿ ಹಿಡಿದುಬಿಟ್ಟಿರುತ್ತವೆ. ಬೆರಕೆ ಗ್ರಂಥಿಯಲ್ಲಿ ನಡುವೆ ವೃಷಣ, ತುದಿಗಳಲ್ಲಿ ಅಂಡಾಶಯ ಕಾಣುವುದು ಇದರಿಂದಲೇ. 2009ರಲ್ಲಿ 129 ಎಂಬ ಇನ್ನೊಂದು ಇಲಿ ತಳಿಯೊಡನೆ ಹೋಲಿಸಿದಾಗ, ಬಿ6ನ ಎಳೆಯ ಗ್ರಂಥಿ ಮೊದಲಿನಿಂದಲೇ ಹೆಣ್ಣು ಜೀನ್‌ಗಳತ್ತ ವಾಲಿರುವುದು ಕಂಡಿತು. ಹೊಣೆ ಒಂದೇ ಜೀನಿನದಲ್ಲ: 2, 4, 5ನೇ ಕ್ರೋಮೋಸೋಮ್‌ಗಳ ಭಾಗಗಳ ಮೇಲೆ ಬೊಟ್ಟು ಮಾಡಲಾಗಿದೆ. 129ರಿಂದ ಬಂದ 11ನೇ ಕ್ರೋಮೋಸೋಮಿನ ತುಂಡೊಂದು ಬಿ6 ಭ್ರೂಣವನ್ನು ಈ ತಿರುವಿನಿಂದ ಕಾಪಾಡುತ್ತದೆ.

ಹೀಗಾಗಿ ಬಿ6ನಲ್ಲಿ ಕಂಡ ಲಿಂಗ ಬದಲಾವಣೆ ಮಿಶ್ರ ತಳಿಯಲ್ಲಿ ಮಾಯವಾದರೆ, ಮೊದಲ ಪ್ರಯೋಗ ತಪ್ಪೆಂದು ಹೇಳುವುದು ಆತುರ. ಮೊದಲು ತಳಿಯ ಲೆಕ್ಕ ನೋಡಬೇಕು. ಒಂದೇ ತಳಿಗೆ ಮತ್ತೆ ಮತ್ತೆ ಕೂಡಿಸುವಾಗ ಮೊದಲ ಮಿಶ್ರ ಪೀಳಿಗೆಯನ್ನು 1 ಎಂದು ಎಣಿಸಿದರೆ, ಹತ್ತನೆಯದರಲ್ಲಿ ಸಂಬಂಧವಿಲ್ಲದ ಒಂದು ಜಾಗದಲ್ಲಿ ಹಳೆಯ ತಳಿಯ ಪ್ರತಿ ಉಳಿಯುವ ಸಂಭವ 512ರಲ್ಲಿ 1. ಐದನೆಯದರಲ್ಲಿ 16ರಲ್ಲಿ 1. ಆಯ್ದ ಜೀನಿನ ಅಕ್ಕಪಕ್ಕದ ತುಂಡು ಮಾತ್ರ ಹತ್ತರ ನಂತರವೂ ಸರಾಸರಿ 20 ಸೆಂಟಿಮಾರ್ಗನ್‌ನಷ್ಟು (ಕ್ರೋಮೋಸೋಮಿನ ಮೇಲಿನ ಅಂತರದ ಅಳತೆ) ಅಂಟಿಕೊಂಡಿರುತ್ತದೆ. ಹೋಲಿಕೆಗೆ ಅದೇ ಸೂಲಿನ ಮರಿಗಳನ್ನೇ ಬಳಸಬೇಕೆನ್ನುವುದು ಇದಕ್ಕಾಗಿ.

ವಯಸ್ಸಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಯೋನಿಯಲ್ಲಿ ಕೂಡಿದ ಗುರುತಾದ ಪ್ಲಗ್ ಕಂಡ ದಿನದ ಮಧ್ಯಾಹ್ನವನ್ನು 0.5 ಎನ್ನುತ್ತೇವೆ, ಆದರೆ ಒಂದೇ ಗರ್ಭದ ಭ್ರೂಣಗಳಲ್ಲೂ ಗಂಟೆಗಳ ಅಂತರವಿರುತ್ತದೆ. ಹಿಂಗಾಲಿನ ಮೊಗ್ಗಿನ ಹಿಂದಿನಿಂದ ಬಾಲದ ಸೋಮೈಟ್‌ಗಳನ್ನು (ಬೆನ್ನುದ್ದಕ್ಕೂ ಸಾಲಾಗಿ ಮೂಡುವ ತುಣುಕುಗಳನ್ನು) ಎಣಿಸಿ: 18 ಇದ್ದರೆ ಸುಮಾರು 11.5 ದಿನ. ಹೊಸದೊಂದು ಮೂಡಲು ಹತ್ತಿರ ಹತ್ತಿರ 2 ಗಂಟೆ ಬೇಕು. ಮೂರು ತಪ್ಪಿ ಎಣಿಸಿದರೆ ಆ 6 ಗಂಟೆ ಪೂರ್ತಿ ಕೈತಪ್ಪಿತು.