ರಾತ್ರಿಯ ಸ್ಟ್ರೈಪರ್‌ಗೆ ಯಾವ ಲೂರ್? ಮೊದಲು ಕಿವಿಗೊಡಿ

ನನ್ನೊಡನೆ ರಾತ್ರಿ ಗಾಳ ಹಾಕಲು ಬರುವವರು ಕಾರಿನಿಂದ ಇಳಿಯುವ ಮೊದಲೇ ಕೇಳುವುದು ಲೂರಿನ, ಅಂದರೆ ಕೊಕ್ಕೆ ಕಟ್ಟಿದ ಕೃತಕ ಮೀನಿನ, ಬಣ್ಣವನ್ನು. ಕಪ್ಪೋ, ಬಿಳಿಯೋ, ಹಳದಿಯೋ? ಅಮೆರಿಕದ ರೋಡ್ ಐಲೆಂಡ್ ರಾಜ್ಯದ ದಕ್ಷಿಣ ತೀರದಲ್ಲಿ ಮಾರ್ಗದರ್ಶಿಯಾಗಿ ದುಡಿಯುವ ನಾನು ಈ ಪ್ರಶ್ನೆಗೆ ಉತ್ತರವನ್ನು ಬೇಕೆಂದೇ ಮುಂದೂಡುತ್ತೇನೆ. ನೀರಿನ ಮೇಲ್ಮೈಯಲ್ಲಿ ಮೇಯುತ್ತಿರುವ ಸ್ಟ್ರೈಪ್ಡ್ ಬಾಸ್ ಕತ್ತಲೆಯಲ್ಲಿ ಯಾವ ಲೂರಿಗೆ ಬಾಯಿ ಹಾಕುತ್ತದೆ ಎಂಬುದು ಮೊದಲು ಅದು ತಿನ್ನುತ್ತಿರುವ ಬೇಟೆಯ ಗಾತ್ರವನ್ನು, ಆಮೇಲೆ ನೀರಿನ ಸೆಳೆತವನ್ನು, ಅದಾದ ಮೇಲೆ ಲೂರು ಎಷ್ಟು ನಿಧಾನವಾಗಿ ಮತ್ತು ಎಷ್ಟು ಮೇಲೆ ಈಜಬಲ್ಲದು ಎಂಬುದನ್ನು ಅವಲಂಬಿಸಿದೆ. ಬಣ್ಣದ ಸರದಿ ಇವೆಲ್ಲದರ ನಂತರದ್ದು.

ಇಲ್ಲಿನವರು ಸ್ಟ್ರೈಪರ್ ಎಂದು ಕರೆಯುವ ಈ ಮೀನು ವಸಂತದಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಹಡ್ಸನ್ ನದಿಯಲ್ಲಿ ಮೊಟ್ಟೆಯಿಟ್ಟು, ಬೇಸಿಗೆಗೆ ಕರಾವಳಿಯುದ್ದಕ್ಕೂ ಉತ್ತರದ ಮೇನ್ ರಾಜ್ಯದವರೆಗೆ ಬಂದು, ಚಳಿ ಹತ್ತಿರವಾದಂತೆ ದಕ್ಷಿಣಕ್ಕೆ ಮರಳುತ್ತದೆ. ಚಾರ್ಲ್ಸ್‌ಟೌನ್, ಕ್ವಾನಕಾಂಟಾಗ್, ವೀಕಪಾಗ್ ಮುಂತಾದೆಡೆ ಉಪ್ಪುನೀರಿನ ಕೊಳಗಳು ಕಡಲಿಗೆ ತೆರೆದುಕೊಳ್ಳುವ ಕಾಲುವೆಗಳಿವೆ. ಇವನ್ನು ಬ್ರೀಚ್‌ವೇ ಎನ್ನುತ್ತಾರೆ. ಇಳಿತದ ಹೊತ್ತಿಗೆ ಕೊಳದ ಸಣ್ಣ ಜೀವಿಗಳೆಲ್ಲ ನೀರಿನೊಡನೆ ಹೊರಗೆ ಹರಿದುಬರುತ್ತವೆ ಮತ್ತು ಹಗಲಲ್ಲಿ ಆಳದಲ್ಲಿದ್ದ ದೊಡ್ಡ ಮೀನುಗಳು ಕತ್ತಲಾದ ಮೇಲೆ ಕಲ್ಲುಕಟ್ಟೆಯ ಅಂಚಿಗೇ ಬಂದು ನಿಲ್ಲುತ್ತವೆ. ಅಳಿವೆಯಲ್ಲಿ ಇಳಿತಕ್ಕೆ ಕಾದು ಕುಳಿತು ಗೊತ್ತಿರುವ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದಡಕ್ಕೆ ತಲುಪಿದ ಮೇಲೆ ಮೊದಲ ಹತ್ತು ನಿಮಿಷ ಗಾಳ ಬೀಸದೆ ಸುಮ್ಮನೆ ನಿಲ್ಲಿ ಎಂದು ಹೇಳುತ್ತೇನೆ. ಹಣ ಕೊಟ್ಟು ಬಂದವರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಆ ಹತ್ತು ನಿಮಿಷದಲ್ಲಿ ಕಿವಿಗೆ ಬೀಳುವ ಸದ್ದು ಪೆಟ್ಟಿಗೆಯಲ್ಲಿರುವ ಮುಕ್ಕಾಲು ಪಾಲು ಲೂರುಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಬಾಟಲಿಯ ಬಿರಡೆ ತೆಗೆದಂಥ ‘ಪೊಕ್’ ಎಂಬ ಸಣ್ಣ ಸದ್ದು ಒಂದೇ ಜಾಗದಿಂದ ಮತ್ತೆ ಮತ್ತೆ ಬರುತ್ತಿದ್ದರೆ, ಮೀನು ಸೆಳೆತಕ್ಕೆ ಮುಖಮಾಡಿ ನಿಂತು, ತೇಲಿಬರುವ ಸಣ್ಣ ಸೀಗಡಿಯನ್ನೋ ಬೆರಳುದ್ದದ ಸಿಲ್ವರ್‌ಸೈಡ್ ಮೀನನ್ನೋ ನೀರಿನ ಜೊತೆಗೇ ಹೀರುತ್ತಿದೆ ಎಂದು ತಿಳಿಯಬೇಕು. ಮೇ, ಜೂನ್ ತಿಂಗಳ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಕೊಳದೊಳಗೆ ಇದೇ ಸದ್ದು ಕೇಳಿಸಿದರೆ ಅದು ಬಹುಮಟ್ಟಿಗೆ ಸಿಂಡರ್ ಹುಳುಗಳ ರಾತ್ರಿ. ಎರಡು ಮೂರು ಇಂಚಿನ ಈ ಕೆಂಪು ಹುಳುಗಳು ಸಂತಾನಕ್ಕಾಗಿ ತಳದ ಕೆಸರಿನಿಂದೆದ್ದು ನೀರಿನ ಮೇಲ್ಮೈಯಲ್ಲಿ ಸುತ್ತುತ್ತವೆ. ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಿಟಪಟ ಎನ್ನುವುದು ಹೆದರಿ ಮೇಲೆ ಹಾರುವ ಸಣ್ಣ ಮೀನುಗಳ ಸದ್ದು. ಬಟ್ಟೆ ಒಗೆಯುವ ಕಲ್ಲಿಗೆ ಒದ್ದೆ ಪಂಚೆ ಬಡಿದಂಥ ಸದ್ದು ಬಂದರೆ, ಅದೂ ಪ್ರತಿಸಲ ಬೇರೆ ಬೇರೆ ಜಾಗದಿಂದ ಬಂದರೆ, ಮುಲೆಟ್ಟನ್ನೋ ನಮ್ಮ ಬೂತಾಯಿಯ ಬಳಗದ ಮೆನ್‌ಹೇಡನ್ನನ್ನೋ ಅಟ್ಟಿಸಿಕೊಂಡು ಹೋಗುತ್ತಿರುವ ದೊಡ್ಡ ಮೀನು ಎಂದು ನಂಬಬಹುದು.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಬಾಸ್ಟನ್ನಿನ ಮಗನ ಮನೆಗೆ ಬಂದಿದ್ದ ಉಡುಪಿ ಕಡೆಯ ಹಿರಿಯರೊಬ್ಬರ ಜೊತೆ ಕಳೆದ ಒಂದು ರಾತ್ರಿ ನನಗೆ ಮತ್ತೆ ನೆನಪಿಸಿತು. ಅವರು ಗೇಣುದ್ದದ ಮರದ ಲೂರನ್ನು ಒಂದು ಗಂಟೆ ಕಾಲ ಅಚ್ಚುಕಟ್ಟಾಗಿ ಎಸೆದರು. ಸುತ್ತಮುತ್ತ ‘ಪೊಕ್, ಪೊಕ್’ ಎನ್ನುತ್ತಲೇ ಇತ್ತು. ಕೊನೆಗೆ, “ಮೀನು ಇಲ್ಲೇ ಉಂಟಲ್ಲ ಮಾರಾಯ್ರೆ, ಬಾಯಿ ಹಾಕುದಿಲ್ಲ ಎಂತಕೆ?” ಎಂದರು. ಲೂರು ದೊಡ್ಡದಾಯಿತು ಎಂಬುದು ಸರಳ ಉತ್ತರ. ಆದರೆ ಮೂರಿಂಚಿನ ಲೂರನ್ನು ಎದುರುಗಾಳಿಯಲ್ಲಿ ಹತ್ತಡಿ ರಾಡಿನಿಂದ ಎಸೆದರೆ ಅದು ಕಾಲಬುಡದಲ್ಲೇ ಬೀಳುತ್ತದೆ. ಇದಕ್ಕೆ ಟೀಸರ್ ಎಂಬ ಉಪಾಯವಿದೆ. ಲೂರಿಗಿಂತ ಸುಮಾರು ಎರಡಡಿ ಮುಂದೆ, ಲೂರಿಗೆ ನೇರವಾಗಿ ಕಟ್ಟುವ ಗಟ್ಟಿ ದಾರವಾದ ಲೀಡರ್‌ನಿಂದ ಕವಲೊಡೆದ ಒಂದು ಸಣ್ಣ ತುಂಡಿಗೆ, ಜಿಂಕೆಯ ಬಾಲದ ಕೂದಲನ್ನು ಕೊಕ್ಕೆಗೆ ಸುತ್ತಿ ಮಾಡಿದ ಎರಡು ಮೂರು ಇಂಚಿನ ಫ್ಲೈ ಎಂಬ ಹಗುರ ಲೂರನ್ನು ಕಟ್ಟುವುದು. ದೊಡ್ಡ ಲೂರು ಆಗ ಎಸೆತಕ್ಕೆ ತೂಕ ಕೊಡುವ ಕೆಲಸ ಮಾಡುತ್ತದೆ, ಮೀನು ಹಿಡಿಯುವುದು ಮುಂದಿನ ಸಣ್ಣದನ್ನು. ಹಿರಿಯರು ಆ ರಾತ್ರಿ ಮೂರು ಮೀನು ಹಿಡಿದು ಮೂರನ್ನೂ ಬಿಟ್ಟರು. ಹಿಡಿದದ್ದನ್ನು ಬಿಡಬೇಕಾದದ್ದು ಮಾತ್ರ ಅವರಿಗೆ ಹಿಡಿಸಲಿಲ್ಲ.

ಇನ್ನು ಲೂರಿನ ನಡೆ. ಹಗಲಲ್ಲಿ ನೀರು ಚಿಮ್ಮಿಸುತ್ತ ಸಾಗುವ ಪಾಪರ್ ಎಂಬ ಲೂರು ಸ್ಟ್ರೈಪರನ್ನು ಕೆರಳಿಸುತ್ತದೆ, ಆದ್ದರಿಂದ ರಾತ್ರಿಯೂ ಮೇಲ್ಮೈಯಲ್ಲಿ ಮೀನು ಕಂಡರೆ ಕೈ ತಾನಾಗಿ ಅದರತ್ತ ಹೋಗುತ್ತದೆ. ನನ್ನ ಅನುಭವದಲ್ಲಿ ಇದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು. ಕತ್ತಲೆಯಲ್ಲಿ ಮೀನು ಬೇಟೆಯನ್ನು ಕೆಳಗಿನಿಂದ, ಆಕಾಶದ ಮಂದ ಬೆಳಕಿನ ಎದುರು ಕಾಣುವ ನೆರಳಿನ ಆಕಾರವಾಗಿ ನೋಡುತ್ತದೆ. ಉಳಿದದ್ದನ್ನು ಎರಡೂ ಮಗ್ಗುಲಿನಲ್ಲಿ ಕಿವಿರಿನಿಂದ ಬಾಲದವರೆಗೆ ಹಾಯುವ, ನೀರಿನ ಅಲುಗಾಟವನ್ನು ಗ್ರಹಿಸುವ ಪಾರ್ಶ್ವರೇಖೆಯಿಂದ ತಿಳಿದುಕೊಳ್ಳುತ್ತದೆ. ಒಂದೇ ವೇಗದಲ್ಲಿ, ಒಂದೇ ದಾರಿಯಲ್ಲಿ ಸಾಗುವ ವಸ್ತುವಿನ ಮುಂದಿನ ನೆಲೆಯನ್ನು ಅದು ಊಹಿಸಬಲ್ಲದು. ನಿಂತು, ನೆಗೆದು, ಮತ್ತೆ ನಿಲ್ಲುವ ಪಾಪರಿನ ಮೇಲೆ ಎರಗಿದಾಗ ಗುರಿ ತಪ್ಪುತ್ತದೆ, ಎರಡು ಸಲ ತಪ್ಪಿದ ಮೀನು ಮೂರನೆಯ ಸಲ ಬರುವುದು ಅಪರೂಪ.

ಆದ್ದರಿಂದ ರಾತ್ರಿಯ ಮೇಲ್ಮೈಗೆ ನಾನು ಮೊದಲು ಆರಿಸುವುದು ಏಳು ಇಂಚಿನ ರೆಡ್‌ಫಿನ್‌ನಂಥ ತೇಲುವ ಪ್ಲಾಸ್ಟಿಕ್ ಲೂರನ್ನು. ರಾಡಿನ ತುದಿಯನ್ನು ಎತ್ತಿ ಹಿಡಿದು, ರೀಲಿನ ಹಿಡಿಯನ್ನು ಎರಡು ಸೆಕೆಂಡಿಗೊಂದು ಸುತ್ತಿನಷ್ಟು ನಿಧಾನವಾಗಿ ತಿರುಗಿಸಿದರೆ ಅದು ಮುಳುಗದೆ, ಬಾತುಕೋಳಿ ಈಜಿದಾಗ ಹಿಂದೆ ಮೂಡುವಂಥ ಕವಲು ಅಲೆಯನ್ನು ಎಳೆದುಕೊಂಡು ಬರುತ್ತದೆ. ಲೂರು ಈಜುತ್ತಿಲ್ಲ ಎಂದು ನಿಮಗೆ ಅನುಮಾನ ಬರುವಷ್ಟು ನಿಧಾನವೇ ಸರಿಯಾದ ವೇಗ. ಇದರ ಹೊಟ್ಟೆ ಟೊಳ್ಳಾಗಿರುವುದರಿಂದ, ಸಣ್ಣ ತೂತು ಕೊರೆದು ಒಂದಿಷ್ಟು ನೀರು ತುಂಬಿಸಿ ಎಪಾಕ್ಸಿ ಅಂಟಿನಿಂದ ಮುಚ್ಚುವ ಹಳೆಯ ರೂಢಿಯಿದೆ. ತೂಕ ಹೆಚ್ಚಿ ದೂರಕ್ಕೂ ಹೋಗುತ್ತದೆ, ನೀರಿನಲ್ಲಿ ತುಸು ತಗ್ಗಿಯೂ ಕೂರುತ್ತದೆ. ತೀರಾ ಹೆಚ್ಚು ತುಂಬಿಸಿದರೆ ಅದು ತೇಲುವುದನ್ನೇ ಮರೆಯುತ್ತದೆ, ಹಾಗಾಗಿ ಮನೆಯ ಬಕೆಟ್ಟಿನಲ್ಲಿ ಪರೀಕ್ಷಿಸಿಯೇ ಅಂಟು ಹಾಕಬೇಕು.

ಸೆಳೆತ ಬಿರುಸಾದಾಗ ಇದೇ ಲೂರು ಮಗುಚಿಕೊಳ್ಳುತ್ತದೆ. ಆಗ ಡಾರ್ಟರ್ ಹೊರತೆಗೆಯುವ ಸಮಯ. ಇಳಿಜಾರಾಗಿ ಕೊರೆದ ತಲೆಯ ಈ ಲೂರು ನಿಂತ ನೀರಿನಲ್ಲಿ ಕೊರಡು. ಆದರೆ ಲಾಂಗ್ ಐಲೆಂಡಿನ ತುದಿಯ ಮಾಂಟಾಕ್‌ನಂಥ ಕಡೆ, ಹರಿವು ತಲೆಯನ್ನು ಒತ್ತಿ ಹಿಡಿದಾಗ, ಮೇಲ್ಮೈಯ ಸ್ವಲ್ಪವೇ ಕೆಳಗೆ ಎಡಬಲಕ್ಕೆ ಅಗಲವಾಗಿ ತೂಗಾಡುತ್ತದೆ. ಯಾವ ಲೂರೇ ಇರಲಿ, ಹರಿವಿನಲ್ಲಿ ಅದನ್ನು ಅಡ್ಡಕ್ಕೆ ಎಸೆದು, ದಾರ ಸಡಿಲವಾಗದಷ್ಟು ಮಾತ್ರ ಸುತ್ತುತ್ತ, ನೀರೇ ಅದನ್ನು ಬಾಗಿಸಿಕೊಂಡು ಕೆಳಗೆ ಒಯ್ಯಲು ಬಿಡಬೇಕು. ಮೀನು ಹೆಚ್ಚಾಗಿ ಕಚ್ಚುವುದು ಆ ಬಾಗು ಮುಗಿಯುವಲ್ಲಿ.

ಮರಳಿನ ತೀರದಲ್ಲಿ ಸ್ಯಾಂಡ್ ಈಲ್ ಎಂಬ ಕಡ್ಡಿಯಂಥ ಮೀನು ತುಂಬಿದ್ದರೆ ನೀಡಲ್‌ಫಿಶ್ ಲೂರಿಗೆ ಸಮನಾದದ್ದಿಲ್ಲ. 1980ರ ದಶಕದಲ್ಲಿ ಬ್ಲಾಕ್ ಐಲೆಂಡ್ ದ್ವೀಪದ ದಡದಲ್ಲಿ ಸಿಕ್ಕ ಭಾರಿ ಸ್ಟ್ರೈಪರ್‌ಗಳಿಂದ ಹೆಸರು ಮಾಡಿದ ಇದು ನೋಡಲು ದಪ್ಪ ಪೆನ್ಸಿಲ್, ಅದಕ್ಕೆ ತನ್ನದೇ ಆದ ಯಾವ ಆಟವೂ ಇಲ್ಲ. ಅಂಗಡಿಯಲ್ಲಿ ಇದನ್ನು ಕೈಗೆತ್ತಿಕೊಂಡವರು ನಂಬದೆ ಮರಳಿ ಇಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಸೂಕ್ಷ್ಮಜೀವಿಗಳಿಂದಾಗಿ ಕಡಲು ನೀಲಿಯಾಗಿ ಮಿನುಗುವ ರಾತ್ರಿಗಳಲ್ಲಿ, ಉಡುಪಿ ಮಂಗಳೂರು ಕಡೆಯ ತೀರದಲ್ಲೂ ಕೆಲವೊಮ್ಮೆ ಕಾಣುವ ಆ ಹೊಳಪಿನಲ್ಲಿ, ಹೆಚ್ಚು ಅಲುಗಾಡುವ ಲೂರು ಉರಿಯುವ ಕೊಳ್ಳಿಯಂತೆ ಬೆಳಗಿ ಮೀನನ್ನು ಓಡಿಸಿದರೆ, ಈ ಆಟವಿಲ್ಲದ ಕಡ್ಡಿ ಮಾತ್ರ ತೆಳುವಾದ ಒಂದು ಗೆರೆಯನ್ನಷ್ಟೇ ಎಳೆದು ನಂಬಿಕೆ ಉಳಿಸಿಕೊಳ್ಳುತ್ತದೆ.

ಹಾಗಾದರೆ ಬಣ್ಣ? ಕತ್ತಲ ರಾತ್ರಿಗೆ ಕಡು ಬಣ್ಣ, ಬೆಳದಿಂಗಳಿಗೆ ತಿಳಿ ಬಣ್ಣ ಎಂಬುದು ಇಲ್ಲಿನ ಹಳಬರ ಮಾತು. ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಅಷ್ಟು ಮಂದ ಬೆಳಕಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ, ಕಪ್ಪು ಲೂರು ಆಕಾಶದೆದುರು ಗಟ್ಟಿ ನೆರಳಾಗಿ ಕಾಣುತ್ತದೆ ಎಂಬುದಷ್ಟೇ ಇದರ ಹಿಂದಿನ ತರ್ಕ. ನಾನು ಒಂದು ಕಪ್ಪು, ಒಂದು ಮೂಳೆಬಣ್ಣದ ಲೂರು ಇಟ್ಟುಕೊಳ್ಳುತ್ತೇನೆ, ಹಳದಿಯೊಂದನ್ನು ರೂಢಿಯಿಂದ ಒಯ್ಯುತ್ತೇನೆ. 1982ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಕಲ್ಲುಕಟ್ಟೆಯ ಮೇಲೆ, ಬಿರುಗಾಳಿಯ ರಾತ್ರಿಯಲ್ಲಿ ಆಲ್ ಮೆಕ್‌ರೆನಾಲ್ಡ್ಸ್ ಹಿಡಿದ, ಸುಮಾರು 35.6 ಕಿಲೋ ತೂಗಿದ ಸ್ಟ್ರೈಪರ್ ಕಚ್ಚಿದ್ದು ಕಪ್ಪು ಬೆನ್ನಿನ, ಬೆಳ್ಳಿ ಮೈಯ ರೆಬೆಲ್ ಕಂಪನಿಯ ಲೂರನ್ನು. ಆ ಬಣ್ಣವನ್ನು ಹುಡುಕುವವರು ಇಂದಿಗೂ ಇದ್ದಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಉದ್ದ: ಬರೀ ಐದೂವರೆ ಇಂಚು.

ಲೂರು ಆರಿಸುವಾಗಲೇ ಕೊಕ್ಕೆಯನ್ನೂ ನೋಡಿಕೊಳ್ಳಬೇಕು. 2023ರಿಂದ ಇಲ್ಲಿ ದಿನಕ್ಕೊಂದೇ ಮೀನು, ಅದೂ 28 ಇಂಚಿಗೆ ಕಡಿಮೆಯಿಲ್ಲದೆ 31 ಇಂಚಿಗಿಂತ ಚಿಕ್ಕದಾಗಿದ್ದರೆ ಮಾತ್ರ ಮನೆಗೊಯ್ಯಬಹುದು. ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಆ ವರ್ಷದ್ದನ್ನು ನೋಡಿಕೊಳ್ಳುವುದು ಅಗತ್ಯ. ಈ ಮಿತಿಯಿಂದಾಗಿ ಹಿಡಿದ ಬಹುಪಾಲು ಮೀನನ್ನು ಬಿಡಲೇಬೇಕು. ಬಿಟ್ಟ ಮೀನುಗಳಲ್ಲಿ ಶೇ. 9ರಷ್ಟು ಸಾಯುತ್ತವೆ ಎಂದೇ ಅಟ್ಲಾಂಟಿಕ್ ರಾಜ್ಯಗಳ ಮೀನುಗಾರಿಕಾ ಆಯೋಗ ಲೆಕ್ಕ ಹಾಕುತ್ತದೆ. ಲೂರಿನೊಡನೆ ಬರುವ ಮೂರು ಮೊನೆಯ ಕೊಕ್ಕೆಗಳಲ್ಲಿ ಬಾಲದ್ದನ್ನು ನಾನು ಕಿತ್ತು ಒಂಟಿ ಕೊಕ್ಕೆ ಹಾಕುತ್ತೇನೆ, ಉಳಿದವುಗಳ ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡುತ್ತೇನೆ. ಕತ್ತಲೆಯಲ್ಲಿ ಒದ್ದಾಡುವ ಮೀನಿನಿಂದ ಕೊಕ್ಕೆ ಬಿಡಿಸುವಾಗ ಇದು ಮೀನಿಗಷ್ಟೇ ಅಲ್ಲ, ನಮ್ಮ ಹೆಬ್ಬೆರಳಿಗೂ ಕ್ಷೇಮ. ಕೊಕ್ಕೆ ಬದಲಿಸಿದರೆ ಲೂರಿನ ಸಮತೋಲ ಕೆಡುವುದುಂಟು. ಅದಕ್ಕೂ ಅದೇ ಬಕೆಟ್ಟಿನ ಪರೀಕ್ಷೆ.

ಲೂರು ಬದಲಿಸುವಾಗ ತಲೆದೀಪವನ್ನು ನೀರಿನತ್ತ ತಿರುಗಿಸಬಾರದು. ಸಮುದ್ರಕ್ಕೆ ಬೆನ್ನು ಹಾಕಿ, ದೀಪವನ್ನು ಅಂಗೈಯಲ್ಲಿ ಮರೆಮಾಡಿ ಹೊತ್ತಿಸಿ, ಕ್ಲಿಪ್ ಬಿಚ್ಚಿ, ಹೊಸ ಲೂರನ್ನು ಸಿಕ್ಕಿಸಿ, ದೀಪ ಆರಿಸಿದ ಮೇಲಷ್ಟೇ ತಿರುಗಬೇಕು. ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಒಂದಷ್ಟು ನಿಮಿಷ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಇನ್ನೊಮ್ಮೆ ಕಿವಿಗೊಟ್ಟು, ‘ಪೊಕ್’ ಎನ್ನುವ ಸದ್ದು ಮೊದಲಿನ ಜಾಗದಲ್ಲೇ ಇದೆಯೋ, ಇಳಿತದೊಡನೆ ಕೆಳಗೆ ಸರಿದಿದೆಯೋ ಎಂದು ಕೇಳಿಸಿಕೊಂಡು ಮುಂದಿನ ಎಸೆತಕ್ಕೆ ಹೊರಡುತ್ತೇವೆ.